ಡ್ರೈವರ್‌ಗೆ ಹೇಳಿದ ಆಟ

ರಾತ್ರಿ ಹನ್ನೊಂದು ದಾಟಿದ ಮೇಲೆ ಅಡುಗೆಮನೆಯಲ್ಲಿ ಲೋಟವೊಂದು ಉರುಳಿದ ಸದ್ದಾಯಿತು. ಯಾರೋ ಅಂಗೈ ಒತ್ತಿ ತಡೆದಂತೆ ಅದು ಅರ್ಧಕ್ಕೇ ನಿಂತಿತು.

“ನಾಳೆಗೆ ಫ್ಲಾಸ್ಕ್ ಹುಡುಕ್ತಿದ್ದಾರೆ ನಿಮ್ಮಪ್ಪ,” ಎಂದಳು ಅಮ್ಮ, ಮಗ್ಗುಲು ಬದಲಿಸದೆ. “ಮೂಗಿನ ಮುಂದೇನೇ ಇದೆ.”

ಪಕ್ಕದಲ್ಲಿ ಮಲಗಿದ್ದ ಮಗಳಿಗೂ ನಿದ್ದೆ ಹಾರಿತು.

“ಈ ಸಲ ನೀನೂ ಬಸ್ಸು ಹತ್ತು. ಆಟ ನೋಡ್ಬೇಡ, ನಿಮ್ಮಪ್ಪನ್ನ ನೋಡು. ಕಣ್ಣು ಕಾಣುತ್ತೋ ಇಲ್ವೋ, ಬಂದು ಇದ್ದದ್ದು ಇದ್ದ ಹಾಗೆ ಹೇಳು. ಕಾಣಲ್ಲ ಅಂದ್ರೆ ಇನ್ನು ಎಲ್ಲೂ ಕಳಿಸಲ್ಲ. ಮೆಟ್ಟಿಲಿಂದ ಉರುಳಿದ್ರೆ ನೋಡ್ಕೊಳ್ಳೋಳು ನಾನು ತಾನೆ.”

ಅಪ್ಪ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಹಿಡಿಯುತ್ತಿದ್ದವನು. ಊರಿನ ಫುಟ್‌ಬಾಲ್ ತಂಡ ಬೇರೆ ಊರಿಗೆ ಆಡಲು ಹೋದಾಗಲೆಲ್ಲ ಬೆಂಬಲಿಗರ ಬಸ್ಸಿನಲ್ಲಿ ಮೊದಲ ಸೀಟು ಅವನದು. ಡ್ರೈವರ್ ಬಸ್ಸು ಕಾಯುತ್ತ ಹೊರಗೇ ಉಳಿಯಬೇಕಲ್ಲ. ವಾಪಸು ಬರುವಾಗ ಇಡೀ ಆಟವನ್ನು ರೆಫರಿಯ ಮೊದಲ ಸಿಳ್ಳೆಯಿಂದ ಕೊನೆಯ ಸಿಳ್ಳೆಯವರೆಗೆ ಅವನಿಗೆ ಹೇಳುವುದು ಅಪ್ಪನ ಪಾಲಿನ ಕೆಲಸವಾಗಿತ್ತು.

ಮಗಳು ದುಡಿಯುತ್ತಿದ್ದುದು ಔಷಧಿ ಅಂಗಡಿಯಲ್ಲಿ. ವಾರವೆಲ್ಲ ನಿಂತ ಕಾಲಿಗೆ ಶನಿವಾರ ಒಂದೇ ಬಿಡುವು. ಅದು ಐದು ಗಂಟೆಯ ಬಸ್ ಪ್ರಯಾಣದಲ್ಲಿ ಕರಗಿತು. ತಂಡ ಆ ವರ್ಷ ಹೊರಗೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಬಸ್ಸಿನಲ್ಲಿ ಯಾರಿಗೂ ಅಂಥ ಆಸೆಯೂ ಇದ್ದಂತಿರಲಿಲ್ಲ.

“ಯಜಮಾನ್ರು ಮಗಳನ್ನ ಕರ್ಕೊಂಡು ಬಂದಿದ್ದಾರೆ,” ಎಂದ ಹಿಂದಿನ ಸೀಟಿನ ಕ್ಷೌರಿಕ. “ಒಳ್ಳೇದಾಯ್ತು. ನಮ್ಮ ಗೋಲ್‌ಕೀಪರ್‌ಗಿಂತ ಅವರನ್ನ ನಿಲ್ಲಿಸೋದೇ ವಾಸಿ.”

“ನನ್ನ ಮಗಳಿಗೆ ಮರ್ಯಾದೆ ಇದೆ ಕಣಯ್ಯಾ,” ಎಂದ ಅಪ್ಪ.

ಮೈದಾನದ ಮೆಟ್ಟಿಲು ಹತ್ತುವಾಗ ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟ. ಅಕ್ಕರೆಯೇನೋ ಅಂದುಕೊಂಡಳು. ಆರನೆಯ ಮೆಟ್ಟಿಲಲ್ಲಿ ಅವನ ಕಾಲು ಗಾಳಿ ತುಳಿಯಿತು, ಬೆರಳುಗಳು ಹೆಗಲಿಗೆ ಕಚ್ಚಿಕೊಂಡವು.

ಆಟ ಶುರುವಾದ ಮೇಲೆ ಅವಳು ನೋಡಿದ್ದು ಅಪ್ಪನನ್ನೇ. ಎಲ್ಲರೂ ಚಪ್ಪಾಳೆ ತಟ್ಟಿ ಒಂದು ಉಸಿರು ಕಳೆದ ಮೇಲೆ ಅವನು ತಟ್ಟುತ್ತಿದ್ದ.

“ಅಪ್ಪಾ, ಚೆಂಡು ಎಲ್ಲಿದೆ?”

“ನಮ್ಮವರ ಕಾಲಲ್ಲಂತೂ ಇಲ್ಲ. ಅದನ್ನ ಹೇಳೋಕೆ ಕಣ್ಣು ಬೇಕಾ?”

ಅವಳು ನಗಲಿಲ್ಲ. ಅವನೇ ಅವಳ ಕಡೆ ವಾಲಿದ. “ಮರೀ, ಹೇಳ್ತಾ ಹೋಗು. ಮೆಲ್ಲಗೆ. ಬರೋವಾಗ ಡ್ರೈವರ್‌ಗೆ ಹೇಳ್ಬೇಕಲ್ಲ.”

ಕೊನೆಯ ಸಿಳ್ಳೆಯವರೆಗೆ ಅವಳು ಪಿಸುಗುಟ್ಟಿದಳು. ಆಟದ ಮಾತುಗಳು ಗೊತ್ತಿರಲಿಲ್ಲ. ಕೆಂಪಂಗಿಯವನು ಓಡಿದ, ಬಿದ್ದ, ಎದ್ದ ಎಂದಳು. ತಂಡ ಮೂರು ಗೋಲು ತಿಂದಿತು. ಮುಗಿಯುವ ಹೊತ್ತಿಗೆ ನಮ್ಮವರದೂ ಒಂದಾಯಿತು. “ಯಾರು, ಯಾರು?” ಎಂದ ಅಪ್ಪ. ದೂರದಿಂದಲೇ ಬೆನ್ನಿನ ಅಂಕಿ ನೋಡಿ “ಒಂಬತ್ತು” ಎಂದಳು.

ಕತ್ತಲಲ್ಲಿ ಬಸ್ಸು ಹೊರಟಾಗ ಹಿಂದೆ ಎಲ್ಲರೂ ಕತ್ತು ವಾಲಿಸಿ ಮಲಗಿದರು. ಅಪ್ಪ ಶುರುಮಾಡಿದ. ಅವಳು ಕೊಟ್ಟ ಬಡಪಾಯಿ ಮಾತುಗಳಿಗೆಲ್ಲ ಅವನು ಕೈಕಾಲು ಮೂಡಿಸಿದ. ಒಂಬತ್ತನೆಯವನು ಇಬ್ಬರ ನಡುವೆ ನುಸುಳಿ, ಕೀಪರ್‌ನ ಕಣ್ಣಲ್ಲಿ ಕಣ್ಣಿಟ್ಟು ಹೊಡೆದನಂತೆ. ಡ್ರೈವರ್ “ಆಮೇಲೆ? ಆಮೇಲೆ?” ಎನ್ನುತ್ತಲೇ ಇದ್ದ.

ಡೀಸೆಲ್ ಹಾಕಿಸಲು ನಿಂತಾಗ ಅಪ್ಪ ತೂಕಡಿಸುತ್ತಿದ್ದ. ಅವಳು ಕೆಳಗಿಳಿದು ಮುಖ ತೊಳೆದಳು. ಡ್ರೈವರ್ ಟಯರ್ ಒದ್ದು ನೋಡುತ್ತ ಹತ್ತಿರ ಬಂದ.

“ಗೋಲು ಹೊಡೆದದ್ದು ಆರನೇ ನಂಬರ್‌ನವನು, ಅಕ್ಕಾ. ಒಂಬತ್ತನ್ನ ವಿರಾಮದಲ್ಲೇ ಹೊರಗೆ ಕೂರಿಸಿದ್ರು.”

“ನಿಮಗೆ ಹೇಗೆ ಗೊತ್ತು?”

“ರೇಡಿಯೋ ಇದೆಯಲ್ಲ. ಪ್ರತಿ ಸಲ ಪೂರ್ತಿ ಕೇಳ್ತೀನಿ.”

“ಮತ್ತೆ ಅಪ್ಪನ ಹತ್ರ ಯಾಕೆ ಹೇಳಿಸ್ತೀರಿ?”

“ಐದು ಗಂಟೆ ದಾರಿ. ನನಗೆ ನಿದ್ದೆ ಬರಬಾರದು. ಬೇರೆಯವರು ಮಾತಾಡಿದ್ರೆ ಇನ್ನೂ ಬೇಗ ಬರುತ್ತೆ.” ಅವನು ಕೈ ಒರೆಸಿಕೊಂಡ. “ಎರಡು ತಿಂಗಳಿಂದ ಅಂಕಿ ತಪ್ತಾ ಇದೆ. ನಾನು ಬಾಯಿ ಬಿಟ್ಟಿಲ್ಲ. ನೀವು ಬರ್ತಾ ಇರಿ, ಆದರೆ ಆರು ಒಂಬತ್ತು ಸರಿಯಾಗಿ ನೋಡಿ.”

ಮನೆ ಮುಟ್ಟಿದಾಗ ಮೂರು ಗಂಟೆ. ಅಪ್ಪ ಬಚ್ಚಲಿಗೆ ಹೋದದ್ದನ್ನು ಕಂಡು ಅಮ್ಮ ದನಿ ತಗ್ಗಿಸಿದಳು. “ಕಾಣುತ್ತಾ?”

ಆರನೆಯ ಮೆಟ್ಟಿಲಿನಲ್ಲಿ ಹೆಗಲಿಗೆ ಕಚ್ಚಿಕೊಂಡ ಬೆರಳುಗಳ ನೋವು ಇನ್ನೂ ಇಳಿದಿರಲಿಲ್ಲ. ಹೇಳಿಬಿಟ್ಟರೆ ಮುಂದಿನ ಶನಿವಾರಗಳಲ್ಲಿ ಮಧ್ಯಾಹ್ನದವರೆಗೆ ಮಲಗಬಹುದು. ಹೇಳದಿದ್ದರೆ ಅಪ್ಪ ಹೋದಲ್ಲೆಲ್ಲ ತಾನೂ ಹೋಗಬೇಕು, ಅವನ ಮುಂದೆ ಮೆಟ್ಟಿಲು ಹತ್ತಬೇಕು, ಗಂಟಲು ಒಣಗುವವರೆಗೆ ಪಿಸುಗುಟ್ಟಬೇಕು, ಸೋಲನ್ನು ಎರಡೆರಡು ಸಲ ಕೇಳಬೇಕು.

“ಮೂರು ಒಂದರಲ್ಲಿ ಸೋತ್ರು,” ಎಂದಳು.

“ಅದಲ್ಲ ನಾನು ಕೇಳಿದ್ದು.”

“ಕಾಣುತ್ತಮ್ಮಾ. ನನಗಿಂತ ಚೆನ್ನಾಗೇ ಹೇಳಿದ್ರು. ಮುಂದಿನ ಸಲ ನಾನೂ ಹೋಗ್ತೀನಿ.”

ಅಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ದೀಪ ಆರಿಸಿದಳು. ಕತ್ತಲಲ್ಲಿ ಬಟ್ಟೆ ಬದಲಿಸುತ್ತ ಮಗಳು ನಿರ್ಧರಿಸಿದಳು: ಮೆಟ್ಟಿಲ ವಿಷಯ ಅಮ್ಮನಿಗಿಲ್ಲ, ರೇಡಿಯೋ ವಿಷಯ ಅಪ್ಪನಿಗಿಲ್ಲ, ಬೇರೆ ಯಾರಿಗೂ ಯಾವುದೂ ಇಲ್ಲ.