ಎತ್ತಿಗೊಂದು ಸೋಮವಾರ

ಪರಮೇಶನ ಮೇಲೆ ನನಗೆ ಸಿಟ್ಟು ಬಂದದ್ದು ಸೋಮವಾರದ ಸಲುವಾಗಿ. ಪೊಲೀಸ್ ಕಾನ್‌ಸ್ಟೆಬಲ್ ಓಟದ ಪರೀಕ್ಷೆಗೆ ನಮ್ಮೂರು ಗೋವಿನಕೋವಿಯಲ್ಲಿ ತಯಾರಾಗುತ್ತಿದ್ದವರು ನಾವಿಬ್ಬರೇ. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ವಯಸ್ಸಿನ ಲೆಕ್ಕದಲ್ಲಿ ನನಗೆ ಇದೇ ಕೊನೆಯ ಅವಕಾಶ. ಹಿಂದಿನ ಸಲ ನಾಲ್ಕೇ ಸೆಕೆಂಡಿನಲ್ಲಿ ತಪ್ಪಿತ್ತು. ಆ ನಾಲ್ಕು ಸೆಕೆಂಡು ಊಟಕ್ಕೆ ಕೂತರೂ ಎದುರಿಗೆ ಬಂದು ಕೂರುತ್ತಿದ್ದವು.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಪರಮೇಶ ಅವತ್ತು ತಾನೂ ಓಡುತ್ತಿರಲಿಲ್ಲ.

"ಕಾಲಿಗೂ ಒಂದಿನ ಬಿಡುವು ಬೇಕಲ್ಲೋ ಮಾರಾಯ," ಎಂದ.

"ಹಂಗಾದ್ರೆ ನೀನೂ ಕೊಟ್ಟಿಗೇಲೇ ಬಿದ್ಕೋ ಹೋಗು," ಎಂದುಬಿಟ್ಟೆ. ನನ್ನ ಬಾಯಿಯೇ ಹಾಗೆ, ಹಾಳಾದ್ದು. ಮಾರನೆಯ ದಿನದಿಂದ ಅವನು ಕೆರೆ ಏರಿಯ ಕಡೆ ಹೋದ, ನಾನು ನಾಲೆ ರಸ್ತೆ ಹಿಡಿದೆ.

ವಾರದ ಏಳೂ ದಿನ, ಬೆಳಿಗ್ಗೆ ಸಂಜೆ ಎರಡು ಹೊತ್ತು ಓಡಿದೆ. ಮೊಬೈಲಿನಲ್ಲಿ ನಾನೇ ಸಮಯ ನೋಡಿಕೊಳ್ಳಬೇಕು, ಭಲೇ ಅನ್ನಲು ಒಬ್ಬರಿಲ್ಲ. ಟೈಮು ಇಳಿಯುವ ಬದಲು ಏರಿತು, ಆರು ನಲವತ್ತಾಯಿತು. ನಿದ್ದೆ ಹತ್ತದು, ಊಟ ಸೇರದು. ಬಲ ಮೊಣಕಾಲ ಕೆಳಗಿನ ಮೂಳೆ ಚುಳ್ ಅನ್ನತೊಡಗಿತು. ಅದಕ್ಕೂ ನಾನು ಕಂಡುಕೊಂಡ ಮದ್ದು ಇನ್ನೊಂದು ಸುತ್ತು ಓಡುವುದು. ನನ್ನಂಥ ಪೆದ್ದ ನ್ಯಾಮತಿ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ.

"ಎತ್ತಿಗಾದ್ರೂ ಸೋಮವಾರ ಐತೆ, ನಿಂಗೆ ಯಾವ ವಾರಾನೂ ಇಲ್ಲೇನಪ್ಪಾ?" ಎಂದು ಅವ್ವ ಕೇಳಿದಳು.

"ನಾನೇನು ಎತ್ತಾ?" ಎಂದು ರೇಗಿದೆ.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ, ನಾಲೆ ಸೇತುವೆಯ ಹತ್ತಿರ, ಕಾಲು ಊರಲಿಕ್ಕೇ ಆಗದೆ ಕುಸಿದೆ. ಕರೆಯಲು ಯಾರಿದ್ದರು? ಪರಮೇಶ ಜೊತೆಗಿದ್ದಿದ್ದರೆ ಅನ್ನಿಸಿತು. ಕುಂಟಿಕೊಂಡೇ ಮನೆ ಸೇರಿದೆ.

ಹೊನ್ನಾಳಿಯ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಬಿರುಕು ಬಿಟ್ಟೈತೆ. ಬಿದ್ದು ಆಗಿದ್ದಲ್ಲ ಇದು, ಬಿಡುವಿಲ್ದೆ ಓಡಿ ಆಗಿದ್ದು. ಆರು ವಾರ ಕಾಲು ಊರಂಗಿಲ್ಲ ನೋಡ್ರಿ," ಎಂದರು.

ಪರೀಕ್ಷೆ ಬಂದದ್ದೂ ಸೋಮವಾರವೇ. ಪಟ್ಟಿ ಕಟ್ಟಿದ ಕಾಲು ಚಾಚಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದೆ. ಎಂಟೂವರೆಗೆ ದಾವಣಗೆರೆಯಿಂದ ಪರಮೇಶನ ಫೋನು ಬಂತು.

"ಪಾಸಾದೆ ಕಣೋ. ಆರು ಇಪ್ಪತ್ತೆರಡು," ಎಂದವನೇ, "ಓಡೋವಾಗ ಪಕ್ಕದಾಗೆ ನೀನಿಲ್ಲ ಅನ್ನಿಸ್ತು," ಎಂದ.

"ಒಳ್ಳೇದಾತು ಬಿಡು," ಎಂದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಅವ್ವ ಎತ್ತುಗಳ ಮೈ ತೊಳೆದು ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಅದೇ ಕೈಯಿಂದ ನನ್ನ ಹಣೆಗೂ ಮೂರು ಬೆರಳು ಎಳೆದು, "ಇವತ್ತು ಯಾರೂ ಎಲ್ಲಿಗೂ ಹೋಗಂಗಿಲ್ಲಪ್ಪ, ಕುತ್ಕೋ," ಎಂದಳು. ಒಂಬತ್ತು ದಿನದಿಂದ ತಡೆದಿದ್ದ ಅಳು ಎತ್ತುಗಳ ಎದುರಿಗೇ ಬಂತು.