ರಿಜಿಸ್ಟರಿನ ಮಕ್ಕಳು

“ಇಲ್ಲ,” ಎಂದಳು ಪಾತಮ್ಮ. “ನಮ್ಮನೇಲಿ ಮಕ್ಳಿಲ್ಲ.”

ಬಾಗಿಲಲ್ಲಿ ನಿಂತಿದ್ದ ನರ್ಸು ಗೀತಮ್ಮ ಪೋಲಿಯೋ ಹನಿಯ ಡಬ್ಬಿಯನ್ನು ಹೆಗಲಿನಿಂದ ಇಳಿಸಿ ರಿಜಿಸ್ಟರು ಬಿಚ್ಚಿದಳು. “ಎಲ್ಡು ಅವಲ್ಲಕ್ಕ ಇದ್ರಾಗೆ. ಗಂಡು ನಾಕು ವರ್ಷ, ಹೆಣ್ಣು ಎಲ್ಡು ವರ್ಷ. ನಿನ್ನೆ ಬೂತಿಗೆ ಯಾಕೆ ಕರ್ಕಂಬರ್ಲಿಲ್ಲ?”

ಒಳಗೆ ಕನ್ನಡಿಯ ಮುಂದೆ ಅವಳ ಗಂಡ ಚಿಕ್ಕೀರಪ್ಪನ ಅರ್ಧ ಮುಖದಲ್ಲಿ ಇನ್ನೂ ಸೋಪಿತ್ತು. ಚಳ್ಳಕೆರೆಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವ ಅವನಿಗೆ ಮುಂದಿನ ಮಾತು ಏನೆಂದು ಗೊತ್ತಿತ್ತು. ಅದನ್ನು ತಡೆಯಲು ಒಂದು ವಾಕ್ಯವೂ ಹೊಳೆಯಲಿಲ್ಲ.

“ಬೇರೆ ಯಾರ್ದೋ ಇರ್ಬೇಕು,” ಎಂದಳು ಪಾತಮ್ಮ.

“ಚಿಕ್ಕೀರಪ್ಪ, ಲೆಕ್ಚರರ್. ಹೋದ ವರ್ಷ ರಾಂಪುರದ ಕಡೆ ಕ್ಯಾಂಪಿನಾಗೆ ಮಕ್ಳಾಗ್ದಂಗೆ ಆಪರೇಷನ್ ಮಾಡಿಸ್ಕಂಡವ್ರೆ. ಈ ಮನೆ ಅಲ್ವಾ?”

ಪಾತಮ್ಮ ತಿರುಗಿ ಒಳಗೆ ನೋಡಿದಳು. ಚಿಕ್ಕೀರಪ್ಪ ರೇಜರನ್ನು ಕೆನ್ನೆಗೆ ಒತ್ತಿದ.

“ಇದೇ ಮನೆ,” ಎಂದಳು ಅವಳು. “ಹುಡುಗ್ರು ಮೊಳಕಾಲ್ಮೂರಿಗೆ ಹೋಗ್ಯವೆ. ಅಜ್ಜಿ ಮನೆಗೆ.”

“ಸಾಯಂಕಾಲ ಬರ್ತೀನಿ ಹಂಗಾರೆ,” ಎಂದು ನರ್ಸು ಪಕ್ಕದ ಮನೆಗೆ ಹೋದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ಲೋಕ ನಗುತ್ತದೆ. ಚಿಕ್ಕೀರಪ್ಪ ಕೂಸು ಹುಟ್ಟುವ ಮುಂಚೆ ಆಪರೇಷನ್ ಮಾಡಿಸಿಕೊಂಡಿದ್ದ. ಅವನ ಅವ್ವ, ಹೆರಿಗೆಯ ಹೆಂಗಸರನ್ನು ಇಡುವ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ, ಆರು ಹೆತ್ತು ಮೂರನ್ನು ಮಣ್ಣು ಮಾಡಿದ್ದಳು. ಬೇಕೇ ಎಂದು ಕೇಳದೆ ಯಾರನ್ನೂ ಈ ಲೋಕಕ್ಕೆ ಕರೆತರಬಾರದು. ಹುಟ್ಟದವರಿಗೆ ಯಾವ ನಷ್ಟವೂ ಇಲ್ಲ. ಈ ವಾದದಲ್ಲಿ ಅವನಿಗೆ ದೋಷವೇ ಕಂಡಿರಲಿಲ್ಲ.

ಎರಡು ಮಕ್ಕಳಿಲ್ಲದವರಿಗೆ ಮಾಡುವುದಿಲ್ಲ ಎಂದು ಕ್ಯಾಂಪಿನಲ್ಲಿ ಹೇಳಿದಾಗ ಎರಡಿವೆ ಎಂದು ಬರೆಸಿದ. ಹೆಂಡತಿಯ ಒಪ್ಪಿಗೆಯ ಜಾಗದಲ್ಲಿ ತನ್ನದೇ ಎಡಗೈ ಹೆಬ್ಬೆಟ್ಟು ಒತ್ತಿದ. ಪಾತಮ್ಮ ಎಸ್ಸೆಸ್ಸೆಲ್ಸಿ ಪಾಸಾದವಳು.

ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದ. ಆಮೇಲೆ ಅವಳು ಸೋಮವಾರ ಸೋಮವಾರ ಅನ್ನ ಬಿಟ್ಟಳು. ಮಕ್ಕಳಾಗಲೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿ ಬೆಳಿಗ್ಗೆಯೆಲ್ಲ ವಾಂತಿ ಮಾಡಿಕೊಂಡಳು. ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದವನು ಅವನೇ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅವಳಿಗೇ ಬಿಡುತ್ತಿದ್ದ.

“ತಡ ಆಯ್ತು,” ಎಂದ ಅವನು, ಮುಖ ಒರೆಸಿಕೊಂಡು.

“ಉಪ್ಪಿಟ್ಟು ಐತೆ,” ಎಂದಳು ಅವಳು.

ಅವನು ತಿಂದು ಕಾಲೇಜಿಗೆ ಹೋದ.

ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಷ್ಟ್ರು ಚಂದ್ರಣ್ಣ ಅಂಗಿಯ ಕಿತ್ತುಹೋದ ಗುಂಡಿಯನ್ನು ತೋರಿಸಿದ. “ಮಗೀಗೆ ಹನಿ ಹಾಕ್ಸಕ್ಕೋಗಿ ಈ ಗತಿ ನೋಡಪ್ಪ. ನೀನೇ ಪುಣ್ಯವಂತ, ಬಿಡು.” ಚಿಕ್ಕೀರಪ್ಪ ನಕ್ಕ. ಅವನಿಗೆ ಭಯವಾಗಿತ್ತು. ಪಾತಮ್ಮ ಮನೆ ಬಿಟ್ಟು ಹೋಗಿರಬಹುದು. ಹೋಗದೆಯೂ ಇರಬಹುದು, ಅದಕ್ಕೆ ಇನ್ನೂ ಹೆಚ್ಚು ಹೆದರಿದ.

ಸಂಜೆ ಬಂದಾಗ ಅವಳು ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು.

“ಹೇಳ್ಬೇಕಂತಿದ್ದೆ,” ಎಂದ.

“ಹೂಂ.”

“ನಿನ್ನ ತಪ್ಪೇನೂ ಇಲ್ಲ.”

“ಮಾತ್ರೆ ಬಿಡ್ಲಾ ಹಂಗಾರೆ?”

“ಬಿಡು.”

ಅವಳು ಇನ್ನೊಂದು ಹಿಡಿ ಸುಲಿದಳು. “ಹೆಸ್ರೇನು ಬರ್ಸಿದ್ರಿ?”

“ಯಾರ್ದು?”

“ಹುಡುಗ್ರದು.”

“ಹೆಸ್ರು ಕೇಳ್ಲಿಲ್ಲ ಅವ್ರು. ವಯಸ್ಸು ಅಷ್ಟೇ.”

ಅವಳ ಕೈ ನಿಂತಿತು. “ನನ್ನ ಕೇಳಿದ್ರೆ ಹೇಳ್ತಿದ್ದೆ.”

ಅವನಿಗೆ ತಾನು ಮಾಡಿದ್ದು ಮೊದಲ ಬಾರಿಗೆ ಪೂರ್ತಿ ಕಂಡಿತು. ನಾಚಿಕೆಯಾಯಿತು. ಕ್ಷಮಿಸು ಎನ್ನಲು ಬಾಯಿ ತೆರೆದಾಗ ಬಾಗಿಲಲ್ಲಿ ನರ್ಸಿನ ನೆರಳು ಬಿತ್ತು.

“ಬಂದ್ವಾ ಹುಡುಗ್ರು?”

ಪಾತಮ್ಮ ತಲೆಯೆತ್ತಲಿಲ್ಲ. “ಅವ್ರನ್ನೇ ಕೇಳಮ್ಮ. ಅವ್ರಿಗೇ ಗೊತ್ತು.”

ನಿಜ ಹೇಳಲು ಇದೇ ಸಮಯ. ಎರಡು ಮಾತು ಸಾಕಿತ್ತು: ಮಕ್ಕಳಿಲ್ಲ, ಸುಳ್ಳು ಬರೆಸಿದೆ. ಲೆಕ್ಚರರನ್ನು ನರ್ಸು ಗೌರವದಿಂದ ನೋಡುತ್ತಿದ್ದಳು.

“ನಾಳೆ ಬರ್ತವೆ,” ಎಂದ ಚಿಕ್ಕೀರಪ್ಪ.

“ಹನಿ ಬೀಳ್ದಿರೋ ಮಕ್ಳ ಮನೆಗೆ ಗುರುತು ಹಾಕ್ಬೇಕು ಸಾರ್,” ಎನ್ನುತ್ತ ಗೀತಮ್ಮ ಸೀಮೆಸುಣ್ಣದಿಂದ ಬಾಗಿಲ ಪಕ್ಕದ ಗೋಡೆಯ ಮೇಲೆ ಇಂಟು ಗುರುತು ಎಳೆದು ಹೋದಳು.

ಪಾತಮ್ಮ ಸೆರಗಿನ ಮೇಲಿನ ಸಿಪ್ಪೆ ಕೊಡವಿ ಎದ್ದು ಅವನ ಪಕ್ಕ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಎಷ್ಟ್ ಗಂಟೆ ಬಸ್ಸಿಗೆ?”

ಮೊಳಕಾಲ್ಮೂರಿನಿಂದ ಬರುವ ಬಸ್ಸುಗಳ ಸಮಯವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಅವನು ಗೋಡೆಯ ಮೇಲಿನ ಇಂಟು ಗುರುತನ್ನೇ ನೋಡಿದ. ಎರಡು ಗೆರೆಗಳಿದ್ದವು, ಒಂದು ಉದ್ದ, ಒಂದು ಗಿಡ್ಡ.