ಕೌದಿಯ ಮೂಲೆ

ಇರುವೆ, ಒಂದೇ ಒಂದು, ಪಾಲಿಶ್ ಆದ ನೆಲದ ಮೇಲೆ ತನ್ನದೇ ಮನೆಯೆಂಬಂತೆ ಹೊರಟಿದೆ, ಸಂಜೆ ಮಂದಿ ಹೊಸದು ಮಾಡಿಸಿದ ಮನೆ ನೋಡಲು ಬರುವ ಹೊತ್ತಿಗೆ ಇದೂ ಬರಬೇಕೇ ಎಂದು ನಾಗವ್ವ ಸೆರಗು ಸಿಕ್ಕಿಸಿ ಬಗ್ಗಿದಳು — ಬಗ್ಗಿದ್ದೇ ನೆಲ ಕಂಡು ಇರುವೆ ಮರೆತಳು, ಎಂಥ ನೆಲ, ಬಿಬವೇವಾಡಿಯ ಈ ಫ್ಲ್ಯಾಟಿಗೆ ಬಂದಾಗಿನಿಂದ ಈ ಮೊಸಾಯಿಕ್ ಕಿತ್ತೊಗೆಯಿರಿ, ಪಕ್ಕದವರಂತೆ ಮುಖ ಕಾಣುವ ಟೈಲ್ಸ್ ಹಾಕಿಸಿರಿ ಎಂದು ಗಂಡ ನಿಜಲಿಂಗಪ್ಪನ ತಲೆ ತಿಂದವಳು ತಾನೇ, ಸೊಸೆ ಸ್ನೇಹಲ್ ಬರೀ ಉಜ್ಜಿಸಿದಳು, ಒಳಗಿದ್ದ ಕೆಂಪು ಕರಿ ಹರಳೆಲ್ಲ ಕಣ್ಣು ಬಿಟ್ಟವು, ಮಾವನ ಕಾಲದ ಓರೆ ಕಾಲಿನ ಸಾಗುವಾನಿ ಕುರ್ಚಿ, ಗುಜರಿಗೆಂದು ಬಾಲ್ಕನಿಗೆ ತಳ್ಳಿದ್ದು, ಹೊಸ ಬೆತ್ತ ಹೆಣೆಸಿಕೊಂಡು ಮದುಮಗನಂತೆ ಕೂತಿದೆ, ಪಕ್ಕದಲ್ಲಿ ಊರಿನ ಮಣ್ಣಿನ ಹರವಿ, ಅದರಲ್ಲಿ ಜೋಳದ ತೆನೆ, ಹಳ್ಳಿ ಪಡಸಾಲೆಗೂ ಹಳೇ ಸಿನೆಮಾದ ದಿವಾನಖಾನೆಗೂ ಬೀಗತನ ಬೆಳೆಸಿದ್ದಾಳೆ ಹುಡುಗಿ, ಭಾಳ ಜಾಣಿ ಇದ್ದೀಯವ್ವಾ ಎಂದು ಬಾಯಿಬಿಟ್ಟು ಹೇಳಬೇಕು, ಹೇಳುತ್ತಿದ್ದಳು ಕೂಡ, ಆ ಕೌದಿಯೊಂದು ಇರದಿದ್ದರೆ.

ಕುರ್ಚಿಗೆ ಹೊದಿಸಿದ ಕೌದಿ, ಅವ್ವ ತನ್ನ ಕಡೆಯ ಚಳಿಗಾಲದಲ್ಲಿ ಹೊಲಿದದ್ದು, ಸೀರೆಚೂರಿನ ಪಕ್ಕ ಸೀರೆಚೂರು, ಒಂದು ಮೂಲೆ ಮಾತ್ರ ಬಿಟ್ಟು — ಮುಚ್ಚೂಕಿಂತ ಮುಂಚೆ ಅದರ ಹೊಟ್ಟಿಗೆ ಹೋಳಿಗಿ ಚೂರು ಹಾಕಬೇಕು ನಾಗೂ, ಹಸದ ಕೌದಿ ಹೊತ್ಕೊಬಾರದು — ಅಂದವಳು ಹೋಳಿ ಹುಣ್ಣಿಮೆಯ ಹೋಳಿಗೆಗೆ ಉಳಿಯಲಿಲ್ಲ, ಆ ಮೂಲೆ ಹೊಲಿಯಲು ನಾಗವ್ವನಿಗೆ ಎಂದೂ ಕೈ ಬರಲಿಲ್ಲ, ಹೊಲಿದರೆ ಅವ್ವ ಪೂರ್ತಿ ಮುಗಿದಂತೆ, ನಿನ್ನೆ ನೋಡಿದರೆ ಮುಚ್ಚಿಹೋಗಿದೆ, ಹಳದಿ ದಾರ, ಅತ್ತಿ, ಆ ಮೂಲಿ ನಾನs ಹೊಲದೇನ್ರಿ, ಅಷ್ಟೇ ಅಂದು ಸ್ನೇಹಲ್ ಫೋನ್ ಹಿಡಿದು ಒಳಗೆ ಹೋದಳು, ಹಿಂದೊಮ್ಮೆ ಹೂರಣ ರುಬ್ಬುತ್ತ ಈ ಕಥೆಯೆಲ್ಲ ಹೇಳಿದ್ದುಂಟು, ಆಗಲೂ ಅವಳ ಕಣ್ಣು ಫೋನಿನಲ್ಲೇ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ನಿನ್ನೆಯೇ ಬುಟ್ಟಿ ತುಂಬ ಹೋಳಿಗೆ ಬೇಯಿಸಿಟ್ಟ ಮನೆಯಲ್ಲಿ ಅವ್ವನ ಕೌದಿ ಹಸಿದೇ ಮುಚ್ಚಿತು, ಇಷ್ಟು ಚಂದ ಮಾಡಿದವಳಿಗೆ ಏನೆಂದು ಹೇಳುವುದು, ನೋಡಬಾರದೆಂದರೂ ಕಣ್ಣು ಅದೇ ಹಳದಿ ದಾರಕ್ಕೆ — ಇರುವೆ ಎಲ್ಲಿ ಹೋಯಿತು, ಅದೋ, ಕುರ್ಚಿಯ ಓರೆ ಕಾಲು ಹತ್ತುತ್ತಿದೆ, ಹಿಂದೊಂದು, ಅದರ ಹಿಂದೊಂದು, ಸಾಲು ಕೌದಿಯ ಅಂಚಿಗೆ, ಝಾಡಿಸಲು ಎತ್ತಿದ ಕೈ ಅಲ್ಲೇ ನಿಂತಿತು, ಹೊಲಿಗೆಯ ಸಂದಿನಿಂದ ಒಂದು ಹೊರಬರುತ್ತಿದೆ, ಬಾಯಲ್ಲಿ ಏನೋ, ಹೂರಣ, ಹೂರಣವೇ, ಕೇಳಿಸಿಕೊಂಡಿದ್ದಳು, ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು, ಅವ್ವಾ, ಉಂಡಿಯಾ — ಹಳದಿ ದಾರ, ಇರುವೆ, ಇರುವೆಯ ಬಾಯಲ್ಲಿ ಬೆಲ್ಲದ ಬಣ್ಣದ ಒಂದು ಕಣ